ಅಪ್ಪನ ಶ್ರಾದ್ಧದ ಹಿಂದಿನ ವಾರ, ನಮ್ಮ ಮನೆ ಗುಂಪಿನಲ್ಲಿ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ 19 ಜನ ಇದ್ದೇವೆ. ಬರುವುದು ಹೆಚ್ಚಾಗಿ ಶುಭೋದಯ, ಅಡಿಕೆ ರೇಟು, ಮದುವೆ ಕರೆಯೋಲೆ. ಹೋದ ಭಾನುವಾರ ಮಾತ್ರ ಮಾತು ಬೇರೆ ಕಡೆ ತಿರುಗಿತು. ಎಲ್ಲರನ್ನೂ ಕೇಳಿ, ಹೆಸರು ತೆಗೆದು, ಅವರು ನನಗೆ ಏನಾಗಬೇಕೋ ಅದನ್ನು ಬರೆದು, ಇಲ್ಲಿ ಹಾಕುತ್ತಿದ್ದೇನೆ.

ದೊಡ್ಡಪ್ಪ, ಸಂಜೆ 6:42
(ಫಾರ್ವರ್ಡ್ ಆದದ್ದು) ಸತ್ತ ಮೇಲೆ ಏನೂ ಇಲ್ಲ ಎಂದು ಜನ ನಂಬಿದ ದಿನ ಗುಡಿಗಳ ಬಾಗಿಲು ಮುಚ್ಚುತ್ತದೆ. ಪರಲೋಕದ ಭಯ ಹೋದ ಮೇಲೆ ಮಗ ತಂದೆಗೆ ಅನ್ನ ಹಾಕುವುದಿಲ್ಲ, ಅಂಗಡಿಯವನು ಸರಿಯಾಗಿ ತೂಗುವುದಿಲ್ಲ, ಯಾರೂ ಕೈ ಮುಗಿಯುವುದಿಲ್ಲ. ಹತ್ತು ಜನರಿಗೆ ಕಳಿಸಿ.

ದೊಡ್ಡಪ್ಪ, 6:44
ಎಲ್ಲರೂ ಓದಿ. ನಾಳೆ ಅಲ್ಲ, ಮುಂದಿನ ಸೋಮವಾರ ನನ್ನ ತಮ್ಮನ ಶ್ರಾದ್ಧ. ಯಾಕೆ ಮಾಡುತ್ತೇವೆ ಅಂತ ಹುಡುಗರಿಗೆ ಗೊತ್ತಿರಲಿ.

ತಮ್ಮ (ಸ್ವೀಡನ್), 6:58
ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ. ಇದನ್ನು ಒಪ್ಪುವುದು ನನಗೆ ಕಷ್ಟ. ನಾನು ಇಲ್ಲಿಗೆ ಬಂದು ಒಂಬತ್ತು ವರ್ಷ ಆಯಿತು. ನನ್ನ ಜೊತೆ ಕೆಲಸ ಮಾಡುವವರಲ್ಲಿ ಸ್ವರ್ಗ ನರಕ ನಂಬುವವರು ಒಬ್ಬಿಬ್ಬರು ಸಿಕ್ಕರೆ ಹೆಚ್ಚು. ಬೇಸಿಗೆಯಲ್ಲಿ ಊರ ಹೊರಗೆ ಹೋದರೆ ರಸ್ತೆ ಬದಿಗೆ ತೋಟದವರು ಒಂದು ಮೇಜು ಹಾಕಿ ಆಲೂಗಡ್ಡೆ, ಸ್ಟ್ರಾಬೆರಿ, ಮೊಟ್ಟೆ ಇಟ್ಟಿರುತ್ತಾರೆ. ಕಾಯಲು ಯಾರೂ ಇಲ್ಲ. ರೇಟು ಬರೆದ ಒಂದು ಹಲಗೆ, ಫೋನಿನಲ್ಲಿ ದುಡ್ಡು ಕಳಿಸಲು ಒಂದು ನಂಬರು, ಅಷ್ಟೇ. ಜನ ದುಡ್ಡು ಹಾಕಿಯೇ ಹೋಗುತ್ತಾರೆ. ಯಮ ನೋಡುತ್ತಾನೆ ಅಂತ ಅಲ್ಲ.

ದೊಡ್ಡಪ್ಪ, 7:05
ಅದು ಅವರ ಅಜ್ಜ ಮುತ್ತಜ್ಜ ಚರ್ಚಿನಲ್ಲಿ ಕಲಿತು ಕೂಡಿಟ್ಟ ಗಂಟು. ಇವರು ಕೂತು ಉಣ್ಣುತ್ತಿದ್ದಾರೆ. ಕರಗುವವರೆಗೆ ಗೊತ್ತಾಗುವುದಿಲ್ಲ. ಮತ್ತೆ ಪ್ರಾರ್ಥನೆ? ಅಲ್ಲಿ ಚರ್ಚುಗಳು ಖಾಲಿ ಅಂತ ನೀನೇ ಹೇಳಿದ್ದೆಯಲ್ಲ.

ತಮ್ಮ (ಸ್ವೀಡನ್), 7:13
ಭಾನುವಾರ ಖಾಲಿ, ಅದು ನಿಜ. ಆದರೆ ನವೆಂಬರ್ ಶುರುವಿನ ಒಂದು ಶನಿವಾರ ಇಲ್ಲಿ ಸತ್ತವರನ್ನು ನೆನೆಯುತ್ತಾರೆ. ಸಂಜೆಯಾಗುವ ಮೊದಲೇ ಕತ್ತಲು. ಸಮಾಧಿಗಳ ಮೇಲೆಲ್ಲ ಮೇಣದಬತ್ತಿ, ನೋಡಿದಷ್ಟು ದೂರ. ಹೋದ ವರ್ಷ ನನ್ನ ಜೊತೆಯವನೊಬ್ಬ ಕರೆದುಕೊಂಡು ಹೋದ. ದೇವರು, ಆತ್ಮ ಯಾವುದನ್ನೂ ನಂಬದವನು. ಅವನ ಅಮ್ಮನ ಹತ್ತಿರ ಬತ್ತಿ ಹಚ್ಚಿ, ಆ ಚಳಿಯಲ್ಲಿ ಟೋಪಿ ತೆಗೆದು ಸುಮ್ಮನೆ ನಿಂತ. ಯಾಕೆ ಹಚ್ಚಿದೆ ಅಂತ ಕೇಳಿದೆ. "ಅಮ್ಮನಿಗೆ ಕತ್ತಲು ಅಂದರೆ ಆಗುತ್ತಿರಲಿಲ್ಲ" ಅಂದ.

ಅತ್ತೆ, 7:15
ಅದೂ ನಂಬಿಕೆಯೇ ಕಣೋ. ಬಾಯಲ್ಲಿ ಇಲ್ಲ ಅನ್ನುತ್ತಾನೆ ಅಷ್ಟೆ.

ದೊಡ್ಡಪ್ಪ, 7:21
ನಮ್ಮಲ್ಲೂ ಪರಲೋಕ ಇಲ್ಲ ಅಂದವರು ಇದ್ದರಲ್ಲ, ಚಾರ್ವಾಕರು. ಏನು ಹೇಳಿದರು? ಋಣಂ ಕೃತ್ವಾ ಘೃತಂ ಪಿಬೇತ್. ಸಾಲ ಮಾಡಿಯಾದರೂ ತುಪ್ಪ ಕುಡಿ. ಊರಿಗೆ ಹೊರಟವನಿಗೆ ಬುತ್ತಿ ಯಾಕೆ ಕಟ್ಟುತ್ತೀರಿ, ಮನೆಯಲ್ಲೇ ಅವನ ಹೆಸರಿನಲ್ಲಿ ಉಣ್ಣಿ ಅಂತ ಶ್ರಾದ್ಧವನ್ನೇ ಹೀಯಾಳಿಸಿದವರು. ಪರಲೋಕ ಬಿಟ್ಟರೆ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಮಗಳು, 7:30
ಅಜ್ಜ, ಒಂದು ಮಾತು ಹೇಳಲಾ? ಚಾರ್ವಾಕರು ತಾವೇ ಬರೆದದ್ದು ನಮಗೆ ಉಳಿದಿಲ್ಲ. ಆ ತುಪ್ಪದ ಮಾತು, ಬುತ್ತಿಯ ಮಾತು ನಮಗೆ ಗೊತ್ತಿರುವುದು ಅವರನ್ನು ಒಪ್ಪದವರ ಪುಸ್ತಕದಿಂದ. ವಿಜಯನಗರ ಕಾಲದ, 14ನೇ ಶತಮಾನದ ಸರ್ವದರ್ಶನಸಂಗ್ರಹದಲ್ಲಿ ಬರುತ್ತದೆ. ಎದುರು ಪಾರ್ಟಿಯ ವಕೀಲರು ಹೇಳಿದ್ದನ್ನಷ್ಟೇ ಕೇಳಿ ತೀರ್ಪು ಕೊಟ್ಟ ಹಾಗೆ ಆಗುತ್ತದೆ ಅಲ್ವಾ?

ಇನ್ನೊಂದು. ಯೇಸುವಿನ ಕಾಲದಲ್ಲಿ ಯೆರೂಸಲೇಮಿನಲ್ಲಿ ಸದ್ದುಕಾಯರು ಅಂತ ಯೆಹೂದಿಗಳ ಒಂದು ಪಂಗಡದವರು ಇದ್ದರು. ಸತ್ತವರು ಏಳುವುದಿಲ್ಲ, ಅಲ್ಲಿಗೆ ಮುಗಿಯಿತು ಅಂತ ನಂಬಿದ್ದವರು. ಆದರೆ ಅಲ್ಲಿನ ದೊಡ್ಡ ದೇವಾಲಯದ ಮುಖ್ಯ ಯಾಜಕರ ಮನೆತನಗಳು ಹೆಚ್ಚಾಗಿ ಅವರ ಕಡೆಯವೇ. ದಿನಾ ಬೆಳಿಗ್ಗೆ ಸಂಜೆ ಬಲಿ, ಧೂಪ ತಪ್ಪುತ್ತಿರಲಿಲ್ಲ. ಅವರ ಹತ್ತು ಆಜ್ಞೆಗಳಲ್ಲೂ ಸ್ವರ್ಗದ ಮಾತಿಲ್ಲ. ತಂದೆ ತಾಯಿಗೆ ಗೌರವ ಕೊಟ್ಟರೆ ಈ ನೆಲದಲ್ಲಿ ಬಹುಕಾಲ ಬಾಳುತ್ತೀ ಅಂತ ಇದೆ.

ಮಗಳು, 7:33
ಅಜ್ಜನ ಕಡೆಗೆ ಸಿಗುವ ಮಾತನ್ನೂ ನಾನೇ ಹೇಳಬೇಕು. ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯ ಕೆಡವಿದ ಮೇಲೆ ಸದ್ದುಕಾಯರು ಕಾಣದಾದರು. ಸತ್ತವರು ಏಳುತ್ತಾರೆ ಅಂತ ನಂಬಿದ್ದ ಇನ್ನೊಂದು ಯೆಹೂದಿ ಪಂಗಡ, ಫರಿಸಾಯರ ದಾರಿಯೇ ಮುಂದೆ ಬೆಳೆಯಿತು.

ದೊಡ್ಡಪ್ಪ, 7:34
ನೋಡು. ಗುಡಿ ಬಿದ್ದ ಮೇಲೆ ಕೈ ಹಿಡಿದದ್ದು ಯಾವುದು?

ಅತ್ತಿಗೆ (ದೊಡ್ಡಪ್ಪನ ಸೊಸೆ), 7:41
ಮಾವಾ, ಬಸವಣ್ಣನವರ ವಚನ ನೆನಪಾಯಿತು. ದೇವಲೋಕ ಮರ್ತ್ಯಲೋಕವೆಂಬುದು ಬೇರಿಲ್ಲ ಕಾಣಿರೋ. ಸತ್ಯವ ನುಡಿವುದೇ ದೇವಲೋಕ, ಮಿಥ್ಯವ ನುಡಿವುದೇ ಮರ್ತ್ಯಲೋಕ. ಆಚಾರವೇ ಸ್ವರ್ಗ, ಅನಾಚಾರವೇ ನರಕ.

ದೊಡ್ಡಪ್ಪ, 7:43
ಅದರ ಕೊನೆಯ ಸಾಲು ಬಿಟ್ಟೆಯಲ್ಲಮ್ಮ. ನೀವೇ ಪ್ರಮಾಣು ಕೂಡಲಸಂಗಮದೇವಾ. ದೇವರನ್ನು ಕರೆದೇ ಹೇಳಿದ್ದು.

ಅತ್ತಿಗೆ, 7:44
ಅದೇ ಮಾವಾ ನಾನು ಹೇಳುತ್ತಿರುವುದು. ಸ್ವರ್ಗ ಬೇರೆ ಇಲ್ಲ ಅಂದ ಮೇಲೂ ಕರೆಯುವುದು ನಿಂತಿಲ್ಲ.

ಅಣ್ಣ (ದೊಡ್ಡಪ್ಪನ ಮಗ), 8:20
ಈಗ ತಾನೇ ಅಂಗಡಿ ಬಾಗಿಲು ಹಾಕಿ ಬಂದೆ. ತೂಕದ ವಿಷಯ ಬಂದಿದ್ದರಿಂದ ನನ್ನದೂ ಹೇಳುತ್ತೇನೆ. ಅಪ್ಪನ ಮಾತು ಪೂರ್ತಿ ತಪ್ಪಲ್ಲ. ಅಂಗಡಿಗೆ ಹೊಸದಾಗಿ ಕೂತಾಗ ನನಗೆ 22. ಆಗ ಕೈ ತಕ್ಕಡಿ. ಬೇಳೆ ತೂಗುವಾಗ ಕಿರುಬೆರಳು ತಟ್ಟೆಗೆ ತಾಗಿಸಿದರೆ ಸಾಕು, ಯಾರಿಗೂ ಕಾಣುವುದಿಲ್ಲ. ಒಂದು ದಿನ ತಾಗಿಸಿದೆ. ಆ ಕ್ಷಣಕ್ಕೆ ಅಜ್ಜಿ ಹೇಳುತ್ತಿದ್ದ ಎಣ್ಣೆ ಕೊಪ್ಪರಿಗೆ ನೆನಪಾಗಿ ಬೆರಳು ತಾನಾಗಿ ಹಿಂದೆ ಬಂತು. ಹೆದರಿಕೆಯೇ ಅದು, ಬೇರೇನಲ್ಲ. ಈಗ 51. ಎಣ್ಣೆ ಕೊಪ್ಪರಿಗೆಯ ನೆನಪೇ ಬರುವುದಿಲ್ಲ. ಆಚೆ ಬೀದಿಯ ಒಬ್ಬ ಅಜ್ಜಿ ಚೀಲವನ್ನೂ ದುಡ್ಡಿನ ಗಂಟನ್ನೂ ಒಟ್ಟಿಗೆ ನನ್ನ ಮುಂದೆ ಇಟ್ಟು, ನೀನೇ ತೆಗೆದುಕೋ ಅಂತ ಬೆಂಚಿನ ಮೇಲೆ ಕೂರುತ್ತಾಳೆ. ಅವಳ ಮುಖ ನೋಡಿ ಮೋಸ ಮಾಡಲು ಆಗುವುದಿಲ್ಲ.

ನಾನು, 8:47
ದೊಡ್ಡಪ್ಪ, ಎರಡು ಗಂಟೆ ಹೊತ್ತಿನಿಂದ ಓದುತ್ತಾ ಕೂತಿದ್ದೇನೆ. ಸುಮ್ಮನಿರೋಣ ಅಂದುಕೊಂಡೆ. ಆದರೆ ಅಪ್ಪನ ಶ್ರಾದ್ಧದ ಹೆಸರಿನಲ್ಲಿ ಈ ಫಾರ್ವರ್ಡ್ ಬಂದಿದೆ. ಆ ರಾತ್ರಿ ನಡೆದದ್ದು ನಮಗೆಲ್ಲ ಗೊತ್ತು, ಆಮೇಲೆ ಯಾರೂ ಮಾತಾಡಿಲ್ಲ. ಇವತ್ತು ಆಡುತ್ತೇನೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದರು. ಅವರ ಅಪ್ಪ 2006ರಲ್ಲಿ ಕೊಟ್ಟ ಹಾಗೆ ಇವರ ಕಣ್ಣೂ ದಾನವಾಯಿತು. ಎರಡು ಕಣ್ಣಿನ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮೇಲಿನ ಪಾರದರ್ಶಕ ಭಾಗವನ್ನು, ಮುಂದಿನ ಪದರ ಹಿಂದಿನ ಪದರ ಅಂತ ಬೇರೆ ಮಾಡಿ ನಾಲ್ಕು ಜನರಿಗೆ ಹಾಕಿದರು. ಟಿವಿಯಲ್ಲಿ ಅದನ್ನು ನೋಡಿದ ಅಪ್ಪ ಮಾರನೇ ವಾರವೇ ಹೋಗಿ ಫಾರಂ ತುಂಬಿ ಬಂದರು. ಅವರಿಗೆ ಆಗಲೇ ಪೊರೆ ಆಪರೇಷನ್ ಆಗಿತ್ತು, ಸಕ್ಕರೆ ಕಾಯಿಲೆ ಇತ್ತು. ಪರವಾಗಿಲ್ಲ, ಬೇಕಾಗಿರುವುದು ಆ ಕಾರ್ನಿಯಾ ಮಾತ್ರ ಅಂದರಂತೆ. ಕಾರ್ಡನ್ನು ಪರ್ಸಿನಲ್ಲಿ ಬಸ್ ಪಾಸಿನ ಹಿಂದೆ ಇಟ್ಟುಕೊಂಡಿದ್ದರು.

ಅವರು ಹೋದದ್ದು ರಾತ್ರಿ ಒಂಬತ್ತೂವರೆಗೆ. ಆರು ಗಂಟೆಯ ಅವಧಿಯೊಳಗೆ ಕಣ್ಣು ತೆಗೆಯಬೇಕು. ನಾನು ನೇತ್ರ ಬ್ಯಾಂಕಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಒಂದೊಂದಾಗಿ ಹೇಳಿದಳು. ಫ್ಯಾನ್ ಆರಿಸಿ. ರೆಪ್ಪೆ ಮುಚ್ಚಿ. ಒದ್ದೆ ಹತ್ತಿ ಇಡಿ. ತಲೆ ಕೆಳಗೆ ಎರಡು ದಿಂಬು ಕೊಡಿ. ನಾನು ಹತ್ತಿ ಒದ್ದೆ ಮಾಡುವಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ಬೇಡ ಕಣೇ, ಮುಂದಿನ ಜನ್ಮಕ್ಕೆ ನನ್ನ ಅಣ್ಣ ಕುರುಡನಾಗಿ ಹುಟ್ಟುತ್ತಾನೆ ಅಂತ ಅತ್ತರು. ದೊಡ್ಡಪ್ಪ, ನೀವು ಜಗಲಿಯಲ್ಲಿ ಕೂತಿದ್ದಿರಿ. ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಒಂದು ಗಂಟೆ ಹಾಗೇ ಕಳೆಯಿತು. ಹತ್ತಿ ಒಣಗಿತು. ಎದ್ದು ಹೋಗಿ ಮತ್ತೆ ಒದ್ದೆ ಮಾಡಿಕೊಂಡು ಬಂದವರು ಅಮ್ಮ.

ಅತ್ತೆ, ನಿಮ್ಮನ್ನು ದೂರುತ್ತಿಲ್ಲ. ನೀವು ಅಪ್ಪನ ಮೇಲಿನ ಪ್ರೀತಿಗೇ ಹೇಳಿದ್ದು. ಆದರೆ ಅವತ್ತು ನಮ್ಮ ಮನೆಯಲ್ಲಿ ಒಂದು ಒಳ್ಳೆಯ ಕೆಲಸಕ್ಕೆ ಅಡ್ಡ ನಿಂತದ್ದು ಪರಲೋಕದ ಭಯ. ಇಬ್ಬರಿಗೆ ಬೆಳಕು ಬಂದರೆ ಬರಲಿ ಅನ್ನುವ ಬಯಕೆಗೆ ಪುಣ್ಯದ ಲೆಕ್ಕ ಬೇಕಾಗಲಿಲ್ಲ. ಹನ್ನೆರಡು ಗಂಟೆಗೆ ನೇತ್ರ ಬ್ಯಾಂಕಿನಿಂದ ಇಬ್ಬರು ಬಂದರು. ಇಪ್ಪತ್ತು ನಿಮಿಷ. ಆಮೇಲೆ ಅಪ್ಪನ ಮುಖ ಮೊದಲಿನ ಹಾಗೇ ಇತ್ತು.

ನಾನು, 8:59
ಇನ್ನು ಪ್ರಾರ್ಥನೆ. ತಮ್ಮನ ಮುಂಜಿ ಆದಾಗ ನೀವು ಅವನಿಗೆ ಮಾಧ್ಯಾಹ್ನಿಕ, ಮಧ್ಯಾಹ್ನದ ಸಂಧ್ಯಾವಂದನೆ, ಹೇಳಿಕೊಡುತ್ತಿದ್ದಿರಿ. ನಾನು ಬಾಗಿಲ ಹತ್ತಿರ ಕೂತು ಕೇಳುತ್ತಿದ್ದೆ. ಸೂರ್ಯನನ್ನು ನೋಡಿ ಹೇಳುವ ಮಂತ್ರ. ತಚ್ಚಕ್ಷುರ್ದೇವಹಿತಂ. ಅರ್ಥವನ್ನೂ ನೀವೇ ಹೇಳಿದ್ದಿರಿ. ದೇವರು ಇಟ್ಟ ಆ ಕಣ್ಣು ಬೆಳಗುತ್ತಾ ಮೇಲೇಳುತ್ತಿದೆ. ಪಶ್ಯೇಮ ಶರದಃ ಶತಂ, ನೂರು ಶರತ್ಕಾಲ ನೋಡೋಣ. ಜೀವೇಮ ಶರದಃ ಶತಂ, ನೂರು ಶರತ್ಕಾಲ ಬದುಕೋಣ. ಇದರಲ್ಲಿ ಸತ್ತ ಮೇಲಿನದು ಒಂದು ಅಕ್ಷರವೂ ಇಲ್ಲ ದೊಡ್ಡಪ್ಪ. ಇಲ್ಲೇ ಇರೋಣ, ಇದನ್ನೇ ನೋಡೋಣ ಅಂತ ಕೇಳುವುದು. ನೀವು ದಿನಾ ಮಧ್ಯಾಹ್ನ ಅಂಗಳದಲ್ಲಿ ನಿಂತು ಅದನ್ನು ಹೇಳುವಾಗ ನಿಮ್ಮ ಮುಖ ನೋಡಿದ್ದೇನೆ. ಯಾವುದೋ ಲೋಕಕ್ಕೆ ಟಿಕೆಟ್ ಕೇಳುವವರ ಮುಖ ಅಲ್ಲ ಅದು.

ನಾನು ಬೆಳಿಗ್ಗೆ ದೀಪ ಹಚ್ಚುತ್ತೇನೆ, ಗೊತ್ತಲ್ಲ. ಸತ್ತ ಮೇಲೆ ಏನೋ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಅಪ್ಪ ಹೋದ ದಿನದಿಂದ ಜಾಸ್ತಿ ಅನ್ನಿಸುವುದಿಲ್ಲ. ಆದರೂ ದೀಪ ಬಿಡಲು ಆಗಿಲ್ಲ. ಸೋಮವಾರ ಎಳ್ಳು ನೀರು ಬಿಡುವಾಗ ಸ್ವೀಡನ್ನಿನಿಂದ ಬರುವ ತಮ್ಮನ ಹಿಂದೆ ನಾನೂ ನಿಂತಿರುತ್ತೇನೆ. ಅದು ಅಪ್ಪನಿಗೆ ಮುಟ್ಟುತ್ತದೆ ಅಂತ ಅಲ್ಲ. ಅವರ ಹೆಸರನ್ನು, ಅವರ ಅಪ್ಪನ, ಅಜ್ಜನ ಹೆಸರನ್ನು ಒಟ್ಟಿಗೆ ಗಟ್ಟಿಯಾಗಿ ಹೇಳುವುದು ವರ್ಷಕ್ಕೆ ಅದೊಂದು ದಿನ.

ದೊಡ್ಡಪ್ಪ, 9:14
ಪುಟ್ಟಿ, ನೀನು ಹೇಳಿದ ಮಂತ್ರ ಋಗ್ವೇದದ್ದು. ಅದೇ ಋಗ್ವೇದದ ಹತ್ತನೇ ಮಂಡಲದಲ್ಲಿ ಯಮನ ಸೂಕ್ತವೂ ಇದೆ. ಪಿತೃಗಳು ಹೋದ ದಾರಿಯ ಮಾತೂ ಇದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಡ.

ದೊಡ್ಡಪ್ಪ, 9:16
ಜಗಲಿಯಲ್ಲಿ ಸುಮ್ಮನೆ ಕೂತದ್ದು ಹೌದು. ಏನು ಹೇಳಬೇಕು ಅಂತ ತಿಳಿಯಲಿಲ್ಲ.

ಅತ್ತೆ, 9:22
ನನಗೆ ಈಗಲೂ ಹಾಗೇ ಅನ್ನಿಸುತ್ತದೆ, ಸುಳ್ಳು ಯಾಕೆ ಹೇಳಲಿ. ನೀವೆಲ್ಲ ಓದಿದವರು. ನನ್ನ ಹುಡುಗ ಹೋಗಿ 11 ವರ್ಷ. ಅವನನ್ನು ಮತ್ತೆ ನೋಡುತ್ತೇನೆ ಅನ್ನುವುದು ಬಿಟ್ಟರೆ ನನಗೆ ಬೆಳಿಗ್ಗೆ ಏಳಲು ಆಗುವುದಿಲ್ಲ. ನಾನು ಒಳ್ಳೆಯವಳಾಗಿರುವುದು ಅದಕ್ಕೆ ಅಲ್ಲ. ಆದರೆ ಪ್ರಾರ್ಥನೆ ಮಾಡುವುದು ಅದಕ್ಕೇ.

ನಾನು, 9:25
ಅತ್ತೆ, ಅದನ್ನು ನಿಮ್ಮಿಂದ ಯಾರೂ ಕಿತ್ತುಕೊಳ್ಳುವುದಿಲ್ಲ. ನನ್ನ ಜಗಳ ಆ ಫಾರ್ವರ್ಡಿನ ಜೊತೆ. ನಂಬದವನು ತಂದೆಗೆ ಅನ್ನ ಹಾಕುವುದಿಲ್ಲ ಅಂದಿತಲ್ಲ, ಅದರ ಜೊತೆ.

ತಮ್ಮ (ಸ್ವೀಡನ್), 9:26
ಹತ್ತಿ ಒಣಗಿದ್ದು ನನಗೆ ಗೊತ್ತಿರಲಿಲ್ಲ ಅಕ್ಕಾ. ನಾನು ಆಗ ಏರ್‌ಪೋರ್ಟಿನಲ್ಲಿದ್ದೆ.

ಅಮ್ಮ, 9:40
(ಧ್ವನಿ ಸಂದೇಶ. ಅಮ್ಮ ಟೈಪ್ ಮಾಡುವುದಿಲ್ಲ. ಮಗಳು ಬರೆದು ಹಾಕಿದ್ದು.) ಮೊಮ್ಮಗಳು ಎಲ್ಲ ಓದಿ ಹೇಳಿದಳು. ಸ್ವರ್ಗ ಉಂಟೋ ಇಲ್ಲವೋ ನಾನು ನೋಡಿ ಬಂದಿಲ್ಲ, ಭಾವನವರೇ. ಅವರು ಹೋದ ಮೇಲೆ ನಾನು ದೀಪದ ಮುಂದೆ ಏನು ಕೇಳುತ್ತೇನೆ ಅಂತ ಹೇಳುತ್ತೇನೆ. ಆ ಕಣ್ಣು ಯಾರಿಗೆ ಹೋಯಿತು ಅಂತ ನೇತ್ರ ಬ್ಯಾಂಕಿನವರು ಹೇಳುವುದಿಲ್ಲ. ಹೇಳಬಾರದಂತೆ. ಗಂಡೋ ಹೆಣ್ಣೋ ಗೊತ್ತಿಲ್ಲ, ಯಾವ ಜಾತಿಯೋ ಗೊತ್ತಿಲ್ಲ. ಅವರಿಗೆ ಕಣ್ಣು ಉರಿ ಬರದಿರಲಿ, ಧೂಳು ಬೀಳದಿರಲಿ, ಹಾಕಿದ್ದು ಚೆನ್ನಾಗಿ ಕೂತಿರಲಿ. ದಿನಾ ಅಷ್ಟೇ ಕೇಳುವುದು. ಮಳೆಗಾಲದಲ್ಲಿ ಊರಲ್ಲಿ ಕಣ್ಣು ಬೇನೆ ಬಂತಲ್ಲ, ಆಗ ಎರಡು ಹೊತ್ತೂ ಕೇಳಿದೆ.

ಅತ್ತೆ, 9:44
ಅತ್ತಿಗೆ, ಇದನ್ನು ನನ್ನ ಹತ್ತಿರ ಯಾವತ್ತೂ ಹೇಳಲಿಲ್ಲವಲ್ಲ.

ಅಮ್ಮ, 9:46
(ಧ್ವನಿ ಸಂದೇಶ) ನೀನು ಬೇಜಾರು ಮಾಡಿಕೊಳ್ಳುತ್ತೀ ಅಂತ.

ದೊಡ್ಡಪ್ಪ, 9:58
ಫಾರ್ವರ್ಡ್ ತೆಗೆಯುವುದಿಲ್ಲ. ನನ್ನ ನಂಬಿಕೆ ನನಗೆ ಇದೆ. ಹತ್ತು ಜನರಿಗೆ ಕಳಿಸುವುದೂ ಇಲ್ಲ.
ಸೋಮವಾರ ಭಟ್ಟರು ಒಂಬತ್ತಕ್ಕೆ ಬರುತ್ತಾರೆ. ಪುಟ್ಟಿ, ಕಪ್ಪು ಎಳ್ಳು ಕಾಲು ಕೆಜಿ ತಾ, ಪಾಲಿಶ್ ಮಾಡಿದ್ದು ಬೇಡ. ದರ್ಭೆ ನನ್ನ ಹತ್ತಿರ ಇದೆ. ಬಾಳೆಎಲೆಯನ್ನು ಅಂಗಡಿ ಕಡೆಯಿಂದ ನಿನ್ನ ಅಣ್ಣ ತರಲಿ. ಅಮ್ಮನನ್ನು ಭಾನುವಾರವೇ ಕರೆದುಕೊಂಡು ಬಾ.