ಪಿಯರ್ಸ್ ಪಾಯಿಂಟ್ ರಾಂಚಿನ ಕೊಟ್ಟಿಗೆಗಳ ಹಿನ್ನೆಲೆ ಏನು?

ಪ್ರಶ್ನೆ
ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಪಾಯಿಂಟ್ ರೇಸ್ ಕರಾವಳಿಗೆ ಹೋದಾಗ, ರಸ್ತೆ ಮುಗಿಯುವಲ್ಲಿ ಪಿಯರ್ಸ್ ಪಾಯಿಂಟ್ ರಾಂಚ್ ಎಂಬ ಹಳೆಯ ಹಾಲಿನ ತೋಟವನ್ನು ಕಂಡೆವು. ಬಿಳಿಯ ಕೊಟ್ಟಿಗೆಗಳು ಅಚ್ಚುಕಟ್ಟಾಗಿವೆ, ಆದರೆ ಹಸು ಒಂದೂ ಇಲ್ಲ. ಇಷ್ಟು ದೂರದ, ಗಾಳಿ ಬೀಸುವ ತುದಿಯಲ್ಲಿ ಹೈನುಗಾರಿಕೆ ಹೇಗೆ ನಡೆಯಿತು?

ಉತ್ತರ 1
ಸೊಲೊಮನ್ ಪಿಯರ್ಸ್ ಇದನ್ನು ಆರಂಭಿಸಿದ್ದು 1858ರಲ್ಲಿ. ಚಿನ್ನದ ಹುಡುಕಾಟಕ್ಕೆ ಬಂದವರಿಂದ ಸ್ಯಾನ್ ಫ್ರಾನ್ಸಿಸ್ಕೋ ತುಂಬಿಹೋಗಿ ಬೆಣ್ಣೆಗೆ ಒಳ್ಳೆಯ ಬೇಡಿಕೆಯಿತ್ತು. ಇಲ್ಲಿಯೋ ಕಡಲ ಮಂಜಿನ ತೇವದಿಂದ ಹುಲ್ಲು ವರ್ಷದ ಬಹುಭಾಗ ಹಸಿರಾಗಿರುತ್ತಿತ್ತು. ತಂಪುಪೆಟ್ಟಿಗೆಗಳಿಲ್ಲದ ಆ ಕಾಲದಲ್ಲಿ ಹಾಲು ಅಷ್ಟು ದೂರ ಕೆಡದೆ ತಲುಪುತ್ತಿರಲಿಲ್ಲವಾದ್ದರಿಂದ, ಅದನ್ನು ಅಗಲವಾದ ತಟ್ಟೆಗಳಲ್ಲಿಟ್ಟು, ಮೇಲೆ ಕಟ್ಟಿದ ಕೆನೆಯನ್ನು ತೆಗೆದು ಕಡೆದು, ಉಪ್ಪು ಬೆರೆಸಿದ ಬೆಣ್ಣೆಯನ್ನು ಹಾಯಿಹಡಗಿನಲ್ಲಿ ನಗರಕ್ಕೆ ಕಳಿಸುತ್ತಿದ್ದರು. (ನಾವು ಮೊಸರು ಕಡೆದರೆ ಅವರು ನೇರವಾಗಿ ಕೆನೆಯನ್ನೇ ಕಡೆಯುತ್ತಿದ್ದರು.) ಕೆನೆ ತೆಗೆದ ಹಾಲು ಹಂದಿಗಳ ಪಾಲು.

ಉತ್ತರ 2
ಒಂದು ಮಾತು ಸೇರಿಸುತ್ತೇನೆ. ಪಾಯಿಂಟ್ ರೇಸ್‌ನ ಬಹುಪಾಲು ಭೂಮಿ ಶಾಫ್ಟರ್ ವಕೀಲ ಕುಟುಂಬದ್ದಾಗಿದ್ದು, ಎ, ಬಿ, ಸಿ ಎಂದು ಅಕ್ಷರಗಳಿಂದಲೇ ಹೆಸರಿಸಿದ ತೋಟಗಳನ್ನು ಗೇಣಿದಾರರು ನಡೆಸುತ್ತಿದ್ದರು. ಪಿಯರ್ಸ್ ಸ್ವಂತ ಭೂಮಿಯ ಒಡೆಯ. ಈ ವ್ಯತ್ಯಾಸವನ್ನು ಮರೆತರೆ ಇಲ್ಲಿಯ ಕಥೆ ಅರ್ಥವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಮುಂದೆ ಒಡೆತನ ಕೈ ಬದಲಾಗಿ, 1973ರಲ್ಲಿ ಕೆಲಸ ನಿಂತಿತು. 1962ರಲ್ಲೇ ಸ್ಥಾಪನೆಯಾಗಿದ್ದ ರಾಷ್ಟ್ರೀಯ ಕಡಲತೀರ ಉದ್ಯಾನ ಕಟ್ಟಡಗಳನ್ನು ದುರಸ್ತಿ ಮಾಡಿಸಿ ಉಳಿಸಿಕೊಂಡಿತು. ದನಗಳು ಮೇಯುತ್ತಿದ್ದ ಜಾಗಕ್ಕೆ 1978ರಲ್ಲಿ ಟ್ಯೂಲ್ ಎಲ್ಕ್ ಜಿಂಕೆಗಳನ್ನು ಮರಳಿ ತಂದರು.

ಪ್ರಶ್ನೆ ಕೇಳಿದವರು
ತಮ್ಮಿಬ್ಬರಿಗೂ ಧನ್ಯವಾದಗಳು. ಸುತ್ತಲಿನ ಸೈಪ್ರೆಸ್ ಮರಗಳು ನೆರಳಿಗಾಗಿ ನೆಟ್ಟವೆಂದುಕೊಂಡಿದ್ದೆ.

ಉತ್ತರ 1
ಅವು ಗಾಳಿತಡೆಗೆ ನೆಟ್ಟ ಮರಗಳು. ಅವುಗಳ ಮರೆಯಿಂದ ಹೊರಗೆ ನಾಲ್ಕು ಹೆಜ್ಜೆ ಇಟ್ಟರೆ ಟೋಪಿ ಹಾರಿಹೋಗುವಂಥ ಗಾಳಿ. ಕೊಟ್ಟಿಗೆಯೊಂದನ್ನೇ ಉಳಿಸಿದರೆ ಏನು ಉಳಿಯುತ್ತದೆ ಎಂದು ಕೇಳುವವರೂ ಇದ್ದಾರೆ. 2025ರ ಜನವರಿಯಲ್ಲಿ ಇದೇ ಉದ್ಯಾನದ 12 ರಾಂಚ್‌ಗಳು ಪರಿಹಾರ ಪಡೆದು ಹೊರಡಲು ಒಪ್ಪಿದ ಮೇಲೆ ಆ ಪ್ರಶ್ನೆ ಇನ್ನಷ್ಟು ಗಟ್ಟಿಯಾಗಿದೆ. ಮುಂದಿನ ಸಲ ಬಂದಾಗ ದೊಡ್ಡ ಕೊಟ್ಟಿಗೆಯ ಪಕ್ಕದಿಂದಲೇ ಹೊರಡುವ ಕಾಲುದಾರಿಯಲ್ಲಿ ಸ್ವಲ್ಪ ದೂರ ನಡೆಯಿರಿ, ಆದರೆ ಸ್ವೆಟರ್ ಮರೆಯಬೇಡಿ.