ಚರ್ಚಿನ ವೃದ್ಧಾಶ್ರಮದ ಚರಿತ್ರೆ: ಸ್ಥಾಪನೆಯ ವರ್ಷ ಯಾವುದು ಅಂತ ಹಿಡಿಯೋದು?

ಪ್ರಶ್ನೆ (ಚಿಕ್ಕಮಗಳೂರಿನಿಂದ)
ನಮ್ಮ ಧರ್ಮಕೇಂದ್ರದ ವೃದ್ಧಾಶ್ರಮಕ್ಕೆ ಸ್ಮರಣ ಸಂಚಿಕೆ ತರ್ತಾ ಇದ್ದೇವೆ. ಅಡಿಗಲ್ಲಿನಲ್ಲಿ ಒಂದು ಇಸವಿ, ಉದ್ಘಾಟನೆಯ ಫಲಕದಲ್ಲಿ ಇನ್ನೊಂದು, ಸಂಘದ ನೋಂದಣಿ ಪತ್ರದಲ್ಲಿ ಮತ್ತೊಂದು. ಯಾವುದನ್ನು ಹಾಕೋದು? ಹಳೇ ಕಾಗದಪತ್ರ ಎಲ್ಲಿ ಹುಡುಕಬೇಕು? ಬೀರುವಿನಲ್ಲಿರುವ ಎರಡು ದಾಖಲಾತಿ ಪುಸ್ತಕಕ್ಕೆ ಬೂಷ್ಟು ಹಿಡಿದು ಹಾಳೆಗಳು ಅಂಟಿಕೊಂಡಿವೆ.

ಉತ್ತರ 1
ಮೂರೂ ಬೇಡ. ಮೊದಲ ಅಜ್ಜನೋ ಅಜ್ಜಿಯೋ ಒಳಗೆ ಬಂದ ದಿನ ಹುಡುಕಿ. ವೃದ್ಧರನ್ನು ನೋಡಿಕೊಳ್ಳುವ ಕ್ಯಾಥೊಲಿಕ್ ಸನ್ಯಾಸಿನಿಯರ 'ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್' ಸಂಸ್ಥೆ ತನ್ನ ಆರಂಭವನ್ನು 1839 ಅಂತ ಲೆಕ್ಕ ಹಿಡಿಯುತ್ತೆ. ಆಗ ಕಟ್ಟಡವೂ ಇಲ್ಲ, ನಿಯಮಾವಳಿಯೂ ಇಲ್ಲ. ಫ್ರಾನ್ಸಿನ ಸೇಂಟ್ ಸರ್ವಾನ್ ಊರಲ್ಲಿ ಜೀನ್ ಜುಗಾನ್ ಒಬ್ಬ ಕುರುಡು ಮುದುಕಿಯನ್ನು ಮನೆಗೆ ಕರೆತಂದು ತನ್ನ ಹಾಸಿಗೆ ಬಿಟ್ಟುಕೊಟ್ಟಳು, ಅಷ್ಟೇ. ಅದೇ ಸಂಸ್ಥೆ 1900ರಲ್ಲಿ ಬೆಂಗಳೂರಿಗೂ ಬಂತು.

ದಾಖಲಾತಿ ಪುಸ್ತಕದ ಮೊದಲ ಹಾಳೆಗಳು ಹೋಗಿದ್ದರೆ ಚರ್ಚಿನ ಮರಣ ಪುಸ್ತಕ ನೋಡಿ. ವಾಸಸ್ಥಳ 'ಆಶ್ರಮ' ಅಂತ ಬರೆದ ಮೊದಲ ಹೆಸರು ಸಿಕ್ಕರೆ, ಅಷ್ಟರೊಳಗೆ ಆಶ್ರಮ ಶುರುವಾಗಿತ್ತು ಅಂತ ಖಚಿತ. ಕ್ಯಾಶ್ ಬುಕ್ಕಿನಲ್ಲಿ ಅಕ್ಕಿ, ಸೀಮೆಎಣ್ಣೆ ಖರ್ಚು ಏಕಾಏಕಿ ಏರಿದ ತಿಂಗಳೂ ಒಳ್ಳೇ ಸುಳಿವು. ಸಂಘಗಳ ನೋಂದಣಿ ಕಾಯ್ದೆ (1960) ಕೆಳಗೆ ಆದ ನೋಂದಣಿ ಎಷ್ಟೋ ಸಲ ಅನುದಾನಕ್ಕೆ ಬೇಕಾದಾಗ ಮಾಡಿಸಿದ್ದು, ಹಾಗಾಗಿ ತಡ.

ಉತ್ತರ 2
ಕಾಗದದ ವಿಚಾರ: ಚಿಕ್ಕಮಗಳೂರು ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಆದದ್ದು 1963ರಲ್ಲಿ. ಅದಕ್ಕೆ ಮುಂಚೆ ಮೈಸೂರು. ಆದ್ದರಿಂದ ಜಾಗ ಕೊಟ್ಟ ಪತ್ರವ್ಯವಹಾರ ಹಳೆಯದಾದರೆ ಮೈಸೂರಿನಲ್ಲಿ ಕೇಳಬೇಕು. ಆ ಕಾಲದಲ್ಲಿ ಇಲ್ಲಿದ್ದ ಫ್ರೆಂಚ್ ಪಾದ್ರಿಗಳ ವಾರ್ಷಿಕ ವರದಿಗಳು ಪ್ಯಾರಿಸ್ ಮಿಷನ್ ಸಂಸ್ಥೆಯ ಸಂಗ್ರಹದಲ್ಲಿವೆ. ಹಾಸನದ ಕಡೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟರದು) ಆಶ್ರಮವಾದರೆ ದಾರಿ ಬೇರೆ: ಆ ಚರ್ಚು ಆದದ್ದೇ 1947ರಲ್ಲಿ, ಅದಕ್ಕಿಂತ ಹಿಂದಿನದು ವೆಸ್ಲಿಯನ್ ಮಿಷನ್ ಕಾಗದ, ಅದಕ್ಕೆ ಲಂಡನ್ ವಿಶ್ವವಿದ್ಯಾಲಯದ ಸೋಆಸ್ (SOAS) ಕಾಲೇಜಿನ ಗ್ರಂಥಾಲಯ. ಜಾಗದ ದಾನಪತ್ರ, ಮ್ಯುಟೇಷನ್ (ಖಾತೆ ಬದಲಾವಣೆ) ಪ್ರತಿ ತೆಗೆಸೋದು ಮರೀಬೇಡಿ. ಹಳೇ ಋಣಭಾರ ಪತ್ರಕ್ಕೆ (ಇ.ಸಿ.) ಉಪನೋಂದಣಿ ಕಚೇರಿಗೇ ಅರ್ಜಿ ಕೊಡಿ.

ಹಳೇ ಲ್ಯಾಟಿನ್ ಪುಸ್ತಕದಲ್ಲಿ '7ಬ್ರಿಸ್' ಅಂತಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್; ಲ್ಯಾಟಿನ್ನಿನಲ್ಲಿ 'ಸೆಪ್ಟೆಮ್' ಅಂದರೆ ಏಳು. '8ಬ್ರಿಸ್' ಅಕ್ಟೋಬರ್. ಇಲ್ಲಿ ತಪ್ಪಿದವರು ಬಹಳ.

ಉತ್ತರ 3
ಬೂಷ್ಟಿನ ಪುಸ್ತಕ ಬಿಸಿಲಿಗೆ ಇಡಲೇಬೇಡಿ, ಹಾಳೆ ಸೆಟೆದು ಮುರಿಯುತ್ತೆ. ನೆರಳಲ್ಲಿ, ಫ್ಯಾನಿನ ಗಾಳಿ ನೇರ ಬೀಳದ ಹಾಗೆ ನಿಲ್ಲಿಸಿ ಪೂರ್ತಿ ಒಣಗಿಸಿ. ಬಿಡಿಸಲು ಬರುವ ಹಾಳೆಗಳ ಮಧ್ಯೆ ಮುದ್ರಣವಿಲ್ಲದ ಬಿಳಿ ಕಾಗದ ಇಡಿ, ತೇವ ಹೀರಿದಂತೆ ಬದಲಿಸಿ. ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಜನವರಿ ಫೆಬ್ರವರಿಯೇ ಸರಿ. ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಹೊರಗೆ ಜಗಲಿಯಲ್ಲಿ, ಮೆತ್ತನೆ ಬ್ರಷ್‌ನಿಂದ ಹೊರಮುಖವಾಗಿ ಗುಡಿಸಿ. ಒದ್ದೆ ಬಟ್ಟೆ ತಾಗಿಸಿದರೆ ಶಾಯಿ ಹರಡುತ್ತೆ. ಅಂಟಿದ ಹಾಳೆ ಎಳೆಯಬೇಡಿ, ತಜ್ಞರಿಗೆ ಬಿಡಿ. ಸೆಲೋಟೇಪು, ಲ್ಯಾಮಿನೇಷನ್ ಎರಡೂ ಬೇಡ. ಬಿಡಿಸಿದ ಪ್ರತಿ ಪುಟದ ಫೋಟೊ ಆಗಲೇ ತೆಗೆದುಕೊಳ್ಳಿ.

ಉತ್ತರ 4
ಒಂದು ಮಾತು ಸೇರಿಸ್ತೇನೆ. ಜೀನ್ ಜುಗಾನ್ 1879ರಲ್ಲಿ ತೀರಿಕೊಂಡಾಗ ಸಂಸ್ಥಾಪಕಿ ಆಕೆ ಅಂತ ಅಲ್ಲಿನ ಕಿರಿಯ ಸಿಸ್ಟರುಗಳಿಗೇ ಗೊತ್ತಿರಲಿಲ್ಲ. ಹೆಸರು ಒಬ್ಬ ಪಾದ್ರಿಯದಾಗಿತ್ತು. ನಿಮ್ಮ ಸಂಚಿಕೆಯಲ್ಲೂ ಫಲಕದಲ್ಲಿರುವ ಫಾದರುಗಳ ಹೆಸರಷ್ಟೇ ಉಳಿಯದಿರಲಿ. ಸಂಬಳದ ಪುಸ್ತಕ ತೆಗೆದು ಅಡುಗೆಯವರು, ರಾತ್ರಿ ಪಾಳಿಯ ಆಯಾಗಳ ಹೆಸರು ಬರೆದುಕೊಳ್ಳಿ. ಆಶ್ರಮವಾಸಿಗಳ ಹೆಸರು ಮಾತ್ರ ಅವರೋ ಮನೆಯವರೋ ಒಪ್ಪಿದರಷ್ಟೇ ಅಚ್ಚು ಹಾಕಿ. ಅವರನ್ನು ಯಾರು ತಂದು ಬಿಟ್ಟುಹೋದರು ಅನ್ನೋ ದಾಖಲಾತಿ ಪುಸ್ತಕದ ಕಾಲಮ್ಮು ಅಚ್ಚಿಗೆ ಬೇಡವೇ ಬೇಡ.