ಅಪ್‌ಡೇಟ್: ‘ನಿಸಿಧಿ’ಯ ಬೇರು ಸಿಕ್ಕಿತು

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳಲ್ಲಿ ಬರುವ ‘ನಿಸಿಧಿ’ಗೂ ‘ನಿಷೇಧ’ಕ್ಕೂ ನಂಟಿದೆಯೇ ಎಂದು ಕೇಳಿದ್ದೆ. ಅನ್ನಾಹಾರ ತ್ಯಜಿಸಿ ಪ್ರಾಣಬಿಟ್ಟ ಜೈನರ ಗುರುತಿನ ಕಲ್ಲಲ್ಲವೇ, ಆ ಅರ್ಥವೇ ಇರಬೇಕು ಎಂದುಕೊಂಡಿದ್ದೆ. ‘ಧ’ಕಾರ ನನ್ನನ್ನು ದಾರಿ ತಪ್ಪಿಸಿತ್ತು. ತಿದ್ದಿದ ಹಿರಿಯರಿಗೆ ನಮಸ್ಕಾರ.

ಬೇರು ‘ನಿ’ ಮತ್ತು ‘ಸದ್’, ಅಂದರೆ ಕುಳಿತುಕೊಳ್ಳುವುದು. ಸಂಸ್ಕೃತದಲ್ಲಿ ನಿಷದ್ಯಾ, ಪ್ರಾಕೃತದಲ್ಲಿ ನಿಸೀದಿಯಾ. ಒಡಿಶಾದ ಉದಯಗಿರಿಯಲ್ಲಿರುವ, ಕಳಿಂಗದ ಅರಸ ಖಾರವೇಲನ ಹಾಥಿಗುಂಫಾ ಶಾಸನದಲ್ಲೇ ಈ ಪ್ರಾಕೃತ ರೂಪವಿದೆ. ಕನ್ನಡ ಶಾಸನಗಳಲ್ಲಿ ನಿಸಿದಿಗೆ, ನಿಸಿಧಿ, ನಿಷಿಧಿಗೆ ಎಂದೆಲ್ಲ ಬರೆದಿದ್ದಾರೆ. ಉಪನಿಷತ್ತಿನಲ್ಲಿರುವುದೂ ಇದೇ ಬೇರು.

ಇದನ್ನು ಓದಿದಾಗ ನಮ್ಮ ‘ಗದ್ದುಗೆ’ ನೆನಪಾಗಿ ಮೈ ಜುಮ್ಮೆಂದಿತು. ಅರಸನ ಪೀಠವೂ ಗದ್ದುಗೆ, ಶರಣರ ಸಮಾಧಿಯೂ ಗದ್ದುಗೆ. ಮಡಿಕೇರಿಯಲ್ಲಿ ಕೊಡಗಿನ ಅರಸರ ಸಮಾಧಿಗಳಿಗೂ ಅದೇ ಹೆಸರು. ಎರಡು ಬೇರೆ ಧರ್ಮಗಳು, ಎರಡು ಬೇರೆ ಪದಗಳು, ಆದರೂ ಎರಡರಲ್ಲೂ ಸತ್ತವರು ಮಲಗಿಲ್ಲ, ಕುಳಿತಿದ್ದಾರೆ. ‘ಗೋರಿ’ಯ ಜಾಡು ಬೇರೆ: ಅದು ಪಾರ್ಸಿಯ ‘ಗೋರ್’ನಿಂದ ಬಂದದ್ದು.

ಒಂದು ಮಾತು ಸೇರಿಸಬೇಕು. ನಿಸಿಧಿ ಎಂದರೆ ಹೂತ ಜಾಗವೇ ಆಗಬೇಕಿಲ್ಲ. ಗಂಗರ ಅರಸ ಮಾರಸಿಂಹ ಸಲ್ಲೇಖನದಿಂದ, ಅಂದರೆ ಆ ಅನ್ನಾಹಾರ ತ್ಯಾಗದ ವ್ರತದಿಂದ, ತೀರಿಕೊಂಡದ್ದು ಬಂಕಾಪುರದಲ್ಲಿ. ಅವನ ಸ್ಮಾರಕ ಶಾಸನವಿರುವುದು ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಮೇಲೆ.

ಮೊನ್ನೆ ಮತ್ತೊಂದು ನಿಸಿಧಿ ಕಲ್ಲಿನ ಮುಂದೆ ನಿಂತೆ. ಮೇಲಿನ ಪಟ್ಟಿಕೆಯಲ್ಲಿ ಜಿನ; ಕೆಳಗೆ ಗುರು, ನಡುವೆ ಠವಣೆಕೋಲು (ಗ್ರಂಥವಿಡುವ ಪೀಠ), ಎದುರಿಗೆ ಕೈಮುಗಿದು ಕುಳಿತ ಹೆಂಗಸು. ಮುಖ ಸವೆದುಹೋಗಿದೆ. ಮಡಚಿದ ಮಂಡಿ ಮಾತ್ರ ಇನ್ನೂ ಸ್ಪಷ್ಟವಾಗಿದೆ.